ಕಾರು ಕುಡಿದ ಪೆಟ್ರೋಲು

ನನ್ನ ಗಂಡ ಅತೀಲಿಯೊ, ಕಾರೆತ್ತುವ ಜಾಕಿನ ರಾಡನ್ನು ಕಾರಿನ ಕಿಟಕಿಯೊಳಗೆ ತೂರಿಸಿ ಮಗನ ಮುಖಕ್ಕೆ ತಿವಿದಾಗ ನಾನು ಚಪ್ಪರದಡಿ ಜೋಳ ಬೀಸುತ್ತಿದ್ದೆ. ನೆರಿಯೊ ಇನ್ನೂ ಸ್ಟೀರಿಂಗ್ ಬಿಟ್ಟು ಇಳಿದಿರಲಿಲ್ಲ. ಎರಡನೆಯ ಸಲ ತಿವಿಯುವಷ್ಟರಲ್ಲಿ ಓಡಿಹೋಗಿ ಗಂಡನ ಮುಂಗೈ ಕಚ್ಚಿದೆ. ಹಲ್ಲಿಗೆ ಮೂಳೆ ಸಿಕ್ಕುವವರೆಗೂ ಬಿಡಲಿಲ್ಲ.

"ಈ ಸಲಾನೂ ಪೆಟ್ರೋಲು ಕಮ್ಮಿ ಕಣೇ! ದಾರೀಲಿ ಆ ಸಿನಮೈಕಾ ಊರಲ್ಲಿ ಯಾವಳ ಮನೆಗೆ ಸುರಿದು ಬರ್ತಾನೆ, ಕೇಳು ನಿನ್ನ ಮಗನ್ನ!"

"ಕಾರೇ ಕುಡೀತಿದೆ ಅಪ್ಪಾ" ಎಂದ ನೆರಿಯೊ. ಎಡಗಣ್ಣು ಮುಚ್ಚಿದ್ದ ಬೆರಳುಗಳ ಸಂದಿಯಿಂದ ರಕ್ತ ಸುರಿಯುತ್ತಿತ್ತು.

ಆ ಹಳೆಯ ಎಂಟು ಸಿಲಿಂಡರಿನ ಕಾರಿನ ಹೊಟ್ಟೆಯೇ ನಮ್ಮ ಬದುಕು. ಪೆಟ್ರೋಲು ಅಗ್ಗವಿರುವ ಮರಕೈಬೊ ಪಟ್ಟಣದಲ್ಲಿ ಟ್ಯಾಂಕ್ ತುಂಬಿಸಿ, ಗಡಿಯ ಪಕ್ಕದ ನಮ್ಮ ಅಂಗಳಕ್ಕೆ ತಂದು, ಪೈಪಿನಿಂದ ಎಳೆದು ಗಡಿಯಾಚೆಯ ದೇಶದವರಿಗೆ ಮಾರುವುದು. ದಾರಿಯಲ್ಲಿ ಕಾರು ಕುಡಿದದ್ದೆಲ್ಲ ನಮ್ಮ ತಟ್ಟೆಯಿಂದ ಹೋದದ್ದು. ಹಾಗೆಂದು ಮಗನ ಕಣ್ಣಿಗೆ ಕಬ್ಬಿಣ ಹಾಕುತ್ತಾರೆಯೇ?

ಕಣ್ಣು ಹೋಯಿತು ಎಂದರು ಆಸ್ಪತ್ರೆಯವರು. ಬಟ್ಟೆ ಕಟ್ಟಿಸಿಕೊಂಡು ಮಗ ಮನೆಗೆ ಬಂದ ಬೆಳಗ್ಗೆಯೇ ನನ್ನ ತಮ್ಮ ಗೊಯೊ ಬಂದೂಕಿನವರನ್ನು ಕಟ್ಟಿಕೊಂಡು ಬಂದ. ನಮ್ಮ ವಾಯೂ ಜನರಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. ನೆತ್ತರು ಹರಿಸಿದವನು ಹೆತ್ತ ತಂದೆಯೇ ಆದರೂ ಸೋದರಮಾವನಿಗೆ ಉತ್ತರ ಕೊಡಬೇಕು. ಇತ್ತ ಅತೀಲಿಯೊನ ಅಕ್ಕನ ಮಗನೂ ಬಂದೂಕು ಹಿಡಿದು ಬಾಗಿಲಲ್ಲಿ ನಿಂತ.

"ಭಾವ, ನೆತ್ತರಿಗೆ ಬೆಲೆ ಕೇಳಕ್ಕೆ ಬಂದೆ" ಎಂದ ಗೊಯೊ.

"ಕಳ್ಳನ ನೆತ್ತರಿಗೆ ಬೆಲೆ ಇಲ್ಲ."

"ಕಳ್ಳ ಅಂತ ಯಾರಂದ್ರು?"

"ಟ್ಯಾಂಕೇ ಹೇಳ್ತು."

"ಹಂಗಾದ್ರೆ ಕಾರನ್ನೇ ಕೇಳಣ. ಅವನು ಕದ್ದಿದ್ರೆ ನಾನೇ ಅವನ ಕೈ ಮುರೀತೀನಿ. ಕಾರು ಕುಡಿದಿದ್ರೆ ನಿನ್ನದು ಮುರೀತೀನಿ."

ಗೊಯೊ ಮೆಕ್ಯಾನಿಕ್. ಆಡಿದಂತೆ ಮಾಡುವವನು. ನೆರಿಯೊ ನಿಜಕ್ಕೂ ಕದ್ದಿದ್ದರೆ? ತಾಯಿಯಾದರೂ ನನಗೇನು ಗೊತ್ತು?

ಗೊಯೊ ಕಾರಿನಡಿ ತೂರಿ ಟ್ಯಾಂಕ್ ಸವರಿದ. ಎಲ್ಲೂ ಸೋರಿಲ್ಲ. ಭುಜ ಕೊಟ್ಟು ಕಾರನ್ನು ತಳ್ಳಿದ. ಚಕ್ರಗಳು ಸಲೀಸಾಗಿ ಉರುಳಿದವು, ಬ್ರೇಕು ಹಿಡಿದಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಲೆಯ ಬಾಯಿಯಂತೆ ಮಸಿ. ಹುಬ್ಬು ಗಂಟಿಕ್ಕಿ, ಅದನ್ನು ಮತ್ತೆ ಕೂರಿಸಿ, ಸಮುದ್ರದ ದಾರಿಯಲ್ಲಿ ಕಾರನ್ನು ಕಿರುಚುವಂತೆ ಓಡಿಸಿಕೊಂಡು ಬಂದ. ಬಾನೆಟ್ ಎತ್ತಿದವನೇ ಅತೀಲಿಯೊನ ಕುತ್ತಿಗೆ ಹಿಡಿದು ಎಳೆದ. ನಾನು ಕಚ್ಚಿದ್ದ ಅದೇ ಮುಂಗೈ ತಿರುಚಿ, ಎಂಜಿನ್‌ನಿಂದ ಕುದಿನೀರು ಹೊರಡುವ ಕಡೆ ಅಂಗೈ ಒತ್ತಿದ. "ಸುಟ್ರೆ ನಿನ್ನ ಮಗ ಕಳ್ಳ!"

ಅತೀಲಿಯೊ ಚೀರಿದ. ಅಕ್ಕನ ಮಗ ಬಂದೂಕು ಎತ್ತಿದ. ಗೊಯೊನ ಕಡೆಯವರೂ ಎತ್ತಿದರು.

ಸುಡಬೇಡ, ಸುಡಬೇಡ ಎಂದು ನಾನು ಎಂಜಿನ್ನನ್ನು ಬೇಡಿಕೊಂಡೆ. ಗಂಡನ ಮೇಲಿನ ಕರುಣೆಯಿಂದಲ್ಲ.

ಚೀರಾಟ ಅರ್ಧಕ್ಕೇ ನಿಂತಿತು.

"ಸುಡ್ತಾ?" ಗೊಯೊ ಕೇಳಿದ.

"ಇಲ್ಲ... ಬೆಚ್ಚಗಿದೆ ಅಷ್ಟೇ."

"ಇಷ್ಟು ಓಡಿದ ಎಂಜಿನ್ ಚರ್ಮ ಸುಲೀಬೇಕಿತ್ತು ಭಾವ. ಬಿಸಿ ಆಗೋವರೆಗೂ ನೀರು ತಡೆಯೋ ವಾಲ್ವ್ ಎಲ್ಲಿ? ಅದಿಲ್ದೆ ಎಂಜಿನ್ ತಣ್ಣಗೇ ಇರುತ್ತೆ, ಗಾಳಿ ಬಿಡೋ ಚೋಕ್ ತೆರೆಯಲ್ಲ, ಪೆಟ್ರೋಲು ಉರೀದೆ ಹೋಗುತ್ತೆ. ಯಾರು ತೆಗೆದಿದ್ದು?"

"ನಾನೇ. ಮರಳಲ್ಲಿ ಕುದೀಬಾರ್ದು ಅಂತ. ಇಲ್ಲಿ ಎಲ್ಲರೂ ತೆಗೀತಾರಲ್ಲ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆಯಲ್ಲೋ, ಪಾಪಿ!" ಗೊಯೊ ಬಾನೆಟ್ಟನ್ನು ಆ ಕೈ ಮೇಲೆಯೇ ಬಡಿದು ಮುಚ್ಚಿದ. ಬೆರಳು ಮುರಿದ ಸದ್ದು ನನಗೂ ಕೇಳಿಸಿತು. ಕೇಳಿ ಖುಷಿಯಾಯಿತು.

ಕಣ್ಣಿಗೆ ಬೆಲೆಯಾಗಿ ಆಡುಗಳು, ಹವಳದ ಸರ, ಆ ಕಾರು. ಅತೀಲಿಯೊ ಎಲ್ಲವನ್ನೂ ಕೊಟ್ಟ. ಮಾವನ ಮನೆಗೆ ಹೊರಡಲು ನೆರಿಯೊ ಕಾರಿನ ಎಡಬದಿಯ ಸ್ಟೀರಿಂಗ್ ಹಿಡಿದ. ಕಾರು ಕಳ್ಳಿಬೇಲಿಯ ಬಾಗಿಲು ದಾಟುವಾಗ ಅತೀಲಿಯೊ ಏನೋ ಹೇಳಲೆಂದು ಎಡಗಡೆಯಿಂದ ಓಡಿ ಬಂದ. ನಾನು ಕೂಗಿಕೊಳ್ಳುವುದರೊಳಗೆ ಕಾರು ಅವನನ್ನು ಕೆಡವಿತ್ತು. ಚಕ್ರ ಮೊಣಕಾಲಿನ ಮೇಲೆ ಹತ್ತಿ ನಿಂತಿತು.

"ಬೇಕಂತ್ಲೇ ಹತ್ತಿಸ್ದ!" ಅಕ್ಕನ ಮಗ ಬಂದೂಕನ್ನು ನೆರಿಯೊನ ತಲೆಗೆ ಗುರಿಯಿಟ್ಟ.

"ಕಾಣಲಿಲ್ಲ" ಎಂದ ನೆರಿಯೊ.

"ಸುಳ್ಳು!"

ನೆಲದ ಮೇಲಿಂದ ಅತೀಲಿಯೊ ಕಿರುಚಿದ: "ಇಳಿಸೋ ಬಂದೂಕು! ಕಾಣಲಿಲ್ಲ ಅಂದ್ನಲ್ಲ, ಕಾಣಲಿಲ್ಲ ಅಷ್ಟೇ. ನನ್ನ ಮಗ ಸುಳ್ಳು ಹೇಳಲ್ಲ."

ನೆರಿಯೊ ಇಳಿಯಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದು ಚಕ್ರ ಇಳಿಸಿದ. ಗಂಡನನ್ನು ಎತ್ತಲು ಅವನ ಅಕ್ಕನ ಮಗ ಇದ್ದ. ನಾನು ಬಲಗಡೆಯ ಬಾಗಿಲು ತೆಗೆದು ಮಗನ ಪಕ್ಕ ಕೂತೆ. ಎಡಗಡೆ ಏನಿದೆ ಎಂದು ಇನ್ನು ಅವನಿಗೆ ಯಾರಾದರೂ ಹೇಳಬೇಕಲ್ಲ.