ಭಟ್ಟಿಗೆ ಕನ್ನಡ ಬಂದ ವಾರ

ಉದ್ಯಮಬಾಗದ ಕೈಗಾರಿಕಾ ವಸಾಹತಿನ ಒಂದು ಫೌಂಡ್ರಿಯಲ್ಲಿ ಹಣಮಪ್ಪ ಹತ್ತೊಂಬತ್ತು ವರ್ಷ ಕಬ್ಬಿಣ ಕರಗಿಸುವ ಭಟ್ಟಿ ಕಾದವನು. ಕಬ್ಬಿಣದ ಹದವನ್ನು ಬಣ್ಣ ನೋಡಿಯೇ ಹೇಳುತ್ತಿದ್ದ. ಕನ್ನಡ ಓದಬಲ್ಲ; ಭಟ್ಟಿಯ ಕಂಪ್ಯೂಟರು ತೋರಿಸುವ ಇಂಗ್ಲಿಷು ಮಾತ್ರ ಅವನಿಗೆ ಬಾರದು. ಎಚ್ಚರಿಕೆಗಳನ್ನು ಓದಬಲ್ಲವನೇ ಅಲ್ಲಿ ಕೂರಬೇಕೆಂದು ಪುಣೆಯ ಗಿರಾಕಿಗಳು ಬರೆದರು; ಪರೀಕ್ಷಿಸಲು ತಾವೇ ಬರುವುದಾಗಿಯೂ ತಿಳಿಸಿದರು. ಮಾಲಕ ಮಾರ್ತಾಂಡ ಆಫೀಸಿನ ಮಾಯಾಳನ್ನು ಕರೆದ.

“ಮಾಯಾಬಾಯಿ, ಅವರು ಬರೂದ್ರೊಳಗ ಭಟ್ಟಿಗೆ ಕನ್ನಡ ಕಲಸ್ರಿ. ಇಲ್ಲಂದ್ರ ನಿಮ್ಮ ಹಣಮಪ್ಪ ಉಸುಕಿನ ಶೆಡ್ಡಿಗೆ. ಉಸುಕು ಸಾಣಿಸಾಕ ಓದೂದು ಬೇಕಾಗಿಲ್ಲ.”

ಎರಕದ ಅಚ್ಚಿಗೆ ಉಸುಕು ಜರಡಿ ಹಿಡಿಯುವ ಆ ಶೆಡ್ಡಿನ ಧೂಳು ಹಣಮಪ್ಪನ ಎದೆಗೆ ಆಗದು ಎಂಬುದು ಇಡೀ ಫೌಂಡ್ರಿಗೆ ಗೊತ್ತು.

ಮಾಯಾ ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬರುವವಳು. ಕಂಪ್ಯೂಟರನ್ನು ಕೆಡಿಸಿ ಕೆಡಿಸಿಯೇ ಕಲಿತವಳು. ಭಟ್ಟಿಯ ತಂತ್ರಾಂಶ ಹಳೇ ವಿಂಡೋಸ್ ಎಕ್ಸ್‌ಪಿಯ ಮೇಲೆ ಮಾತ್ರ ಓಡುತ್ತಿತ್ತು. ಅವಳು ಫಾಂಟು ಹಾಕಿದಳು, ಯೂನಿಕೋಡಿನಲ್ಲಿ ಟೈಪಿಸಿದಳು, ಉಳಿಸಿದಳು. ತೆರೆದು ನೋಡಿದರೆ ಸಾಲುಸಾಲು ಪ್ರಶ್ನೆಚಿಹ್ನೆ. ವಿಂಡೋಸಿಗೆ ಕನ್ನಡ ಬಂದಿತ್ತು, ಭಟ್ಟಿಯ ತಂತ್ರಾಂಶಕ್ಕೆ ಬರಲಿಲ್ಲ.

“ಬರ್ತೈತೇನ್ರಿ ಅಕ್ಕಾರ?” ಎಂದು ಹಣಮಪ್ಪ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ.

“ತಡಿ ಮಾರಾಯಾ, ಹಡ್ಯೂ ಹೆಂಗಸಿನ ಮುಂದ ನಿಂತಂಗ ನಿಂದರಬ್ಯಾಡ.”

ಕೊನೆಗೆ ಅವಳಿಗೆ ಉಪಾಯ ಹೊಳೆಯಿತು. ಅಕ್ಷರ ಬೇಡ, ಚಿತ್ರ ಕೊಡೋಣ. ನಲವತ್ತೆರಡು ಎಚ್ಚರಿಕೆಗಳನ್ನೂ ಮನೆಯ ಹೊಸ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆದು ಚಿತ್ರ ಮಾಡಿದಳು. ಎಚ್ಚರಿಕೆ ಬಂದೊಡನೆ ಅದರ ನಂಬರು ಹಿಡಿದು, ಇಂಗ್ಲಿಷಿನ ಮೇಲೆ ಚಿತ್ರ ಹೊದಿಸುವ ಸಣ್ಣ ಪ್ರೋಗ್ರಾಮೊಂದನ್ನು ಹೊಸೆದಳು.

ಅಮಾವಾಸ್ಯೆಗೆ ಎಂದಿನಂತೆ ಭಟ್ಟಿಗೆ ಕಾಯಿ ಒಡೆದರು. ಮಾನಿಟರಿಗೂ ಕುಂಕುಮ ಹಚ್ಚಿದರು. ವಾರ ಕಳೆದು ಪುಣೆಯವರು ಬಂದರು. “ತಣಿಸುವ ನೀರು ಕಡಿಮೆ. ಭಟ್ಟಿ ನಿಲ್ಲಿಸು” ಎಂದು ಹಣಮಪ್ಪ ಪರದೆ ನೋಡಿ ಸಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. ಅವರು ಚಪ್ಪಾಳೆ ತಟ್ಟಿ, ಸಹಿ ಹಾಕಿ, ಊಟ ಮಾಡಿ ಹೋದರು.

ಅವರ ಕಾರು ಗೇಟು ದಾಟುತ್ತಲೇ ಮಾರ್ತಾಂಡ ಹೇಳಿದ: “ಈಗ ಆ ಕನ್ನಡ ತಗೀರಿ.”

“ಯಾಕ್ರಿ, ಛಲೋ ನಡದೈತಲ್ರಿ?”

“ಅದ ತ್ರಾಸು! ಈ ವಾರದಾಗ ಮೂರು ಸಲ ಭಟ್ಟಿ ಬಂದ್ ಮಾಡ್ಯಾನ. ಮೊದಲ ಸುಮ್ಮನ ಎಂಟರ್ ಒತ್ತಿ ಮುಂದ ಹೋಗ್ತಿದ್ದ. ಈಗ ಓದತಾನ, ಓದಿ ನಿಲ್ಲಸ್ತಾನ. ಭಟ್ಟಿ ಓಡೂದಕ್ಕ ಇಟ್ಟಿದ್ದೋ, ವಾಚನಕ್ಕೋ?”

“ಖರೇನ ನೀರು ಕಡಿಮಿ ಇತ್ತರೀ...”

“ಹತ್ತೊಂಬತ್ತು ವರ್ಷ ಏನ ಆಗೇತಿ? ಅಂವಗ ಈಗ ಓದೂ ಚಟ ಹತ್ತೇತಿ. ಇವತ್ತಿಂದನ ಉಸುಕು ಸಾಣಿಸ್ಲಿ. ಇಲ್ಲಿ ಶೆಡ್ಡಿನ್ಯಾಗಿನ ಬಾಳಪ್ಪ ಕುಂದರ್ತಾನ. ಅಳಸಾಕ ನಿಮಗ ಕೈ ಬರಲಿಲ್ಲಂದ್ರ ಹೇಳ್ರಿ, ನಿಮ್ಮ ಖುರ್ಚಿಗೂ ಮಂದಿ ಅದಾರ.”

ಮಾಯಾ ನಲವತ್ತೆರಡು ಚಿತ್ರಗಳನ್ನು ಒಟ್ಟಿಗೆ ಆಯ್ದು ಅಳಿಸಿದಳು. ಬಾಗಿಲಲ್ಲಿ ನಿಂತಿದ್ದ ಹಣಮಪ್ಪ ತಲೆಯ ಟವೆಲ್ಲು ಬಿಚ್ಚಿ ಮೂಗಿಗೆ ಕಟ್ಟಿಕೊಂಡು ಶೆಡ್ಡಿನ ಕಡೆ ನಡೆದ.

ಮರುದಿನ ಬಾಳಪ್ಪನ ಎದುರು ಪರದೆಯ ಮೇಲೆ ಕೆಂಪು ಚೌಕದಲ್ಲಿ ಇಂಗ್ಲಿಷು ಮೂಡಿತು.

“ಇದು ಏನಂತೈತ್ರಿ, ಅಕ್ಕಾರ?”

ಮಾಯಾ ಓದಿದಳು: ತಣಿಸುವ ನೀರು ಕಡಿಮೆ. ಆಫೀಸಿನ ಗಾಜಿನಾಚೆ ಮಾರ್ತಾಂಡ ಅವಳನ್ನೇ ನೋಡುತ್ತಿದ್ದ.

“ಏನಿಲ್ಲೋ,” ಎಂದಳು, “ಎಂಟರ್ ಒತ್ತು.”