ಎಡಗೈಯಲ್ಲಿ ಬರೆದ ಕಾಗದ

ತಾನೇ ಬರೆದ ಕಾಗದ ತನ್ನ ಮೇಜಿಗೇ ಬಂದು ಬಿದ್ದಾಗ ಅವನು ಅದನ್ನು ಇನ್ಯಾರದೋ ಎಂಬಂತೆ ಬಿಡಿಸಿದ. ಎಂ.ಎ. ಮಾಡಿದವನ ಬುದ್ಧಿ ಇಷ್ಟೇ.

ಬಾರದೆ ಇನ್ನೆಲ್ಲಿಗೆ ಹೋಗಬೇಕಿತ್ತು? ಹನ್ನೊಂದು ವರ್ಷದಿಂದ ಕಚೇರಿಯ ಪದ್ಧತಿ ಅದೇ. ರೇಡಿಯೋದಲ್ಲಿ ಯೇಸುವಿನ ಸುವಾರ್ತೆ ಕೇಳಿದವರು ಇಲ್ಲಿಗೆ ಕಾಗದ ಬರೆಯುತ್ತಾರೆ. ಸಾವಿನವು ದೊಡ್ಡಮ್ಮನ ಮೇಜಿಗೆ, ಕಾಯಿಲೆಯವು ಪಾಸ್ಟರರ ಮೇಜಿಗೆ, ಸಂಶಯದವು ಇವನ ಮೇಜಿಗೆ. ದೇವರು ನನ್ನನ್ನು ಪ್ರೀತಿಸುತ್ತಾನೆಂದು ಹೇಗೆ ನಂಬಲಿ ಎಂದವರಿಗೆಲ್ಲ ಇವನದೇ ಉತ್ತರ. ಎಷ್ಟೋ ಜನಕ್ಕೆ ನಂಬಿಕೆ ಬಂದಿದೆಯಂತೆ. ಇವನಿಗೆ ಮಾತ್ರ, ದಿನವಿಡೀ ಒಲೆಯ ಮುಂದೆ ನಿಂತ ಅಡುಗೆಯವನಿಗೆ ಊಟ ಸೇರದ ಹಾಗೆ.

ತನಗೂ ಯಾರಾದರೂ ಬರೆಯಲಿ ಎಂಬ ಆಸೆ ಹುಟ್ಟಿದ್ದು ಹೋದ ವಾರ. ಗುರುತು ಸಿಗಬಾರದೆಂದು ಅದೇ ಸಂಶಯವನ್ನು ಎಡಗೈಯಲ್ಲಿ ಬರೆದ, ಇಲ್ಲದ ಹೆಸರು ಹಾಕಿದ, ಭಾವಮೈದುನನ ಅಂಗಡಿಯ ವಿಳಾಸ ಕೊಟ್ಟ. ಎಲ್ಲ ಯೋಚಿಸಿದ್ದ, ಮೇಜೊಂದನ್ನು ಬಿಟ್ಟು.

ಕಾಗದ ಹಿಡಿದು ದೊಡ್ಡಮ್ಮನ ಹತ್ತಿರ ಹೋದ. ಅವರು ನಿವೃತ್ತ ಟೀಚರು, ಕಚೇರಿಗೆಲ್ಲ ದೊಡ್ಡಮ್ಮ.

"ಇದಕ್ಕೆ ನೀವು ಬರೀರಿ ದೊಡ್ಡಮ್ಮ."

"ಯಾಕಪ್ಪ? ಸಂಶಯ ಎಲ್ಲ ನಿನ್ನದಲ್ವಾ?"

"ಇವತ್ತು ತಲೆ ಓಡ್ತಿಲ್ಲ."

"ನಿನ್ನ ತಲೆ ಓಡೋದೇ ತೊಂದರೆ. ಕೊಡಿಲ್ಲಿ." ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಯ್ಯೋ ಪಾಪ. ಅಕ್ಷರ ಎಲ್ಲ ಬಿದ್ದು ಎದ್ದು ಹೋಗ್ತಿವೆ ನೋಡು. ಎಡಗೈಲಿ ಬರ್ದಿರೋದು."

ಅವನು ಕಾಗದಕ್ಕೆ ಕೈ ಚಾಚಿದ. ಅವರು ಕೊಡಲಿಲ್ಲ.

"ಮೂವತ್ತು ವರ್ಷ ಮಕ್ಕಳ ಕೈಬರಹ ತಿದ್ದಿದೀನಿ. ಇದು ಎಡಚರ ಬರಹ ಅಲ್ಲ. ಬಲಗೈ ಕಳ್ಕೊಂಡು ಹೊಸದಾಗಿ ಕಲೀತಿರೋನು. ಏನು ಆಕ್ಸಿಡೆಂಟೋ ಏನೋ."

"ಹಾಗಂತ ಬರ್ದಿಲ್ವಲ್ಲ?"

"ಅದನ್ನ ಯಾರಾದ್ರೂ ಬರೀತಾರಾ? ಸ್ವಾಭಿಮಾನಿ."

ಅದು ನಾನೇ ಎನ್ನಬೇಕಿತ್ತು. "ಇರಬಹುದು" ಎಂದ.

ಮಧ್ಯಾಹ್ನದ ಪ್ರಾರ್ಥನೆಗೆ ಎಲ್ಲರೂ ಕೈ ಕೈ ಹಿಡಿದು ಸುತ್ತ ನಿಂತರು. ಅಷ್ಟರಲ್ಲಿ ದೊಡ್ಡಮ್ಮ ಸುದ್ದಿ ಹಂಚಿಯಾಗಿತ್ತು. "ತಂದೆಯೇ, ಆ ಅಣ್ಣನಿಗೆ ನೀನೇ ಬಲಗೈಯಾಗಿರು" ಎಂದು ಪ್ರಾರ್ಥಿಸುತ್ತ ಕಚೇರಿಯ ವ್ಯಾನ್ ಡ್ರೈವರ್ ಅತ್ತೇಬಿಟ್ಟ. ಡ್ರೈವರ್ ಹಿಡಿದಿದ್ದದ್ದು ಇವನ ಬಲಗೈಯನ್ನೇ. ನೋಯುವಷ್ಟು ಗಟ್ಟಿಯಾಗಿ.

ಇಷ್ಟು ಜನ ಒಟ್ಟಿಗೆ ತನಗಾಗಿ ಕಣ್ಣೀರು ಹಾಕಿದ್ದು ಇದೇ ಮೊದಲು, ಅದೂ ತನಗಲ್ಲ. ಆ ಕೈಯಿಲ್ಲದವನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ.

ಸಂಜೆ ದೊಡ್ಡಮ್ಮ ಉತ್ತರ ತೋರಿಸಿದರು. "ತಪ್ಪಿದ್ರೆ ತಿದ್ದಪ್ಪ, ನೀನು ಓದಿದೋನು."

ನಾಲ್ಕೇ ಸಾಲು. 'ನಿಮ್ಮಲ್ಲಿ ಇಲ್ಲದ್ದನ್ನು ದೇವರು ಕೇಳುತ್ತಿಲ್ಲ. ಯೇಸುಸ್ವಾಮಿಯ ಕೈಗೂ ಗಾಯವಾಗಿತ್ತು. ಆತ ನಿಮ್ಮನ್ನು ಪ್ರೀತಿಸುತ್ತಾನೆಂದು ನಂಬಲು ಆಗದಿದ್ದರೆ ಇರಲಿ. ಆಗುವವರೆಗೆ ನಿಮ್ಮ ಪಾಲಿನದನ್ನೂ ನಾನೇ ನಂಬಿಕೊಂಡಿರುತ್ತೇನೆ.'

ಅವನು ಒಂದು ಅಲ್ಪವಿರಾಮ ಹಾಕಿದ. ಅದು ಬೇಕಿರಲಿಲ್ಲ.

"ಅವನಿಗೆ ಕೈ ಇದ್ದಿದ್ರೆ, ದೊಡ್ಡಮ್ಮ?"

ಅವರು ಲಕೋಟೆಗೆ ಅಂಟು ಹಚ್ಚುತ್ತಿದ್ದರು. "ಇದ್ದಿದ್ರೂ ಹೆಚ್ಚುಕಮ್ಮಿ ಇದನ್ನೇ ಬರೀತಿದ್ದೆ. ಯಾಕೆ?"

"ಸುಮ್ನೆ ಕೇಳ್ದೆ."

ಮನೆಗೆ ಹೋಗುವ ಬಸ್ಸು ತುಂಬಿತ್ತು. ಮಧ್ಯಾಹ್ನ ವ್ಯಾನ್ ಡ್ರೈವರ್ ಹಿಡಿದಿದ್ದ ಕೈ ಇನ್ನೂ ತನ್ನದಲ್ಲವೆಂಬಂತೆ ಜುಮುಗುಡುತ್ತಿತ್ತು. ಅದನ್ನು ಕೋಟಿನ ಜೇಬಿನಾಳಕ್ಕೆ ಇಳಿಸಿ, ಎಡಗೈಯಲ್ಲಿ ಕಂಬಿ ಹಿಡಿದು ನಿಂತ. ತಿರುವಿನಲ್ಲಿ ಮುಗ್ಗರಿಸಿದಾಗಲೂ ಹೊರಗೆ ತೆಗೆಯಲಿಲ್ಲ. ಎದುರು ಕೂತಿದ್ದ ಬಸುರಿ ಹೆಂಗಸು ಜೇಬಿನಿಂದ ಹೊರಬಾರದ ಅವನ ತೋಳನ್ನು ನೋಡಿದಳು, ಕಣ್ಣು ತಪ್ಪಿಸಿದಳು, ಹೊಟ್ಟೆ ಹಿಡಿದುಕೊಂಡು ನಿಧಾನ ಮೇಲೆದ್ದಳು.

"ಬನ್ನಿ ಅಣ್ಣ, ಕೂತ್ಕೊಳ್ಳಿ."

"ಬೇಡಮ್ಮ, ನೀವು..."

"ನಾನು ಹೇಗೋ ನಿಲ್ತೀನಿ. ನಿಮಗೆ ಕಷ್ಟ ಆಗುತ್ತೆ."

ಕೂತ. ಸೀಟು ಬೆಚ್ಚಗಿತ್ತು. ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಅವಳು ಅವನೆದುರೇ ತೂಗಾಡುತ್ತ, ಏನೂ ಆಗಿಲ್ಲವೆಂಬಂತೆ ನಗುತ್ತ ನಿಂತಿದ್ದಳು. ಜೇಬಿನ ಕತ್ತಲಲ್ಲಿ ಐದು ಬೆರಳೂ ಬೆವರುತ್ತ ಒಂದನ್ನೊಂದು ತಡಕುತ್ತಿದ್ದವು.