ಗಾರ್ಡ್ ಸಾಹೇಬರ ಚಾದರ

ನಾನು ಒಂದು ಬಟ್ಟೆ ಒಗೆಯುವ ಯಂತ್ರ. ನನಗೆ ಎರಡು ಹೊಟ್ಟೆ. ಒಂದರಲ್ಲಿ ಬಟ್ಟೆ ಒಗೆಯುತ್ತೇನೆ. ಡ್ರೈಯರ್ ಎನ್ನುವ ಇನ್ನೊಂದರಲ್ಲಿ ಗಿರಗಿರನೆ ತಿರುಗಿಸಿ ನೀರು ಹಿಂಡುತ್ತೇನೆ. ಒಂದರಿಂದ ಇನ್ನೊಂದಕ್ಕೆ ಒದ್ದೆ ಬಟ್ಟೆಯನ್ನು ಮನುಷ್ಯರೇ ಎತ್ತಿ ಹಾಕಬೇಕು.

ಹುಟ್ಟಿದ್ದು ಕಾರ್ಖಾನೆಯಲ್ಲಿ. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದೂ ಅಲ್ಲೇ. ಪಕ್ಕದ ಸಾಲಿನಲ್ಲಿ ಗಾಜಿನ ಬಾಗಿಲಿನ ಯಂತ್ರಗಳು ತಯಾರಾಗುತ್ತಿದ್ದವು. ಬಂದವರೆಲ್ಲ ಅವುಗಳ ಮುಂದೆ ನಿಲ್ಲುತ್ತಿದ್ದರು. ಹುಬ್ಬಳ್ಳಿಯ ಅಂಗಡಿಗೆ ಬಂದಾಗಲೂ ಅವುಗಳಿಗೆ ಮುಂದಿನ ಜಾಗ, ನನಗೆ ಫ್ಯಾನುಗಳ ಹಿಂದಿನ ಕತ್ತಲೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ನನ್ನನ್ನು ಕೊಂಡರು. ಅವರ ಕೂಸಿನ ಬಟ್ಟೆಗಳನ್ನು ನಾನು ಎಷ್ಟು ಒಗೆದೆನೋ! ಆ ಕೂಸು ಶಾಲೆಗೆ ಹೋಗುವ ಹೊತ್ತಿಗೆ ಗಾಜಿನ ಬಾಗಿಲಿನದೊಂದು ಮನೆಗೆ ಬಂತು, ನಾನು ಹಳೆ ಸಾಮಾನಿನ ಅಂಗಡಿಗೆ ಹೋದೆ. ಧೂಳು ಕುಡಿಯುತ್ತಾ ನಿಂತಿದ್ದ ನನ್ನನ್ನು ವಿಜಯಾ ಎಂಬ ಶಿಕ್ಷಕಿ ಕೊಂಡರು. ಅವರಿಗೋಸ್ಕರ ಅಲ್ಲ, ಅವರ ತಂದೆಗೋಸ್ಕರ.

ತಂದೆಯ ಹೆಸರು ಈರಸಂಗಪ್ಪ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಹುಬ್ಬಳ್ಳಿಯಲ್ಲೇ ಹಳಿಗಳ ಹತ್ತಿರ ಸಣ್ಣ ಬಾಡಿಗೆ ಮನೆಯಲ್ಲಿದ್ದರು. ಮಗಳು ಗದಗಿನಲ್ಲಿ, ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದರು. ಬಚ್ಚಲಿನ ಬಾಗಿಲ ಬಳಿ, ಅಡುಗೆಮನೆ ಕಾಣುವ ಹಾಗೆ ನನ್ನನ್ನು ಇಟ್ಟರು. ಮೊದಲ ದಿನ ಗಾರ್ಡ್ ಸಾಹೇಬರು ನನ್ನ ಸುತ್ತ ಒಂದು ಸುತ್ತು ಬಂದು, ಮುಚ್ಚಳ ತಟ್ಟಿ ಹೇಳಿದರು:

“ಛಲೋ ಐತಿ. ಕೆಲಸಾ ಮಾಡತೈತಿ, ಮಾತಾಡೂದಿಲ್ಲ.”

ನನಗೆ ಅಷ್ಟು ಸಾಕಿತ್ತು. ಆ ಮನೆಯಲ್ಲಿ ನನಗೆ ಪೈಪೋಟಿಯಿರಲಿಲ್ಲ. ಡ್ರೈಯರ್ ತಿರುಗುವಾಗ ಅವರು ಅಂಗೈಯನ್ನು ನನ್ನ ಮುಚ್ಚಳದ ಮೇಲೆ ಇಟ್ಟು ನಿಲ್ಲುತ್ತಿದ್ದರು. ಪೂರ್ತಿ ನಿಂತ ಮೇಲಷ್ಟೇ ಮುಚ್ಚಳ ತೆಗೆಯುತ್ತಿದ್ದರು.

ಸ್ವಲ್ಪ ಕಾಲಕ್ಕೆ ಅವರಿಗೆ ನಿದ್ದೆಯಲ್ಲಿ, ತಿಳಿಯದೆಯೇ, ಹಾಸಿಗೆಯಲ್ಲಿ ಮೂತ್ರ ಹೋಗತೊಡಗಿತು. ಹಾಲಿನವನು ಬರುವ ಮೊದಲೇ ಚಾದರ ತಂದು ನನ್ನೊಳಗೆ ತುರುಕುತ್ತಿದ್ದರು. ಮಗಳಿಗೆ ಹೇಳಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹಿತ್ತಲಿನ ತಂತಿಯ ಮೇಲೆ ಚಾದರ ಬೆಳ್ಳಗೆ ಹಾರಾಡುತ್ತಿತ್ತು. ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಹೆಮ್ಮೆಯಿಂದ ಉಬ್ಬಿದ್ದೆ.

ಆಗ ಮಾಬೂಬಿ ಬಂದಳು.

ಮನೆಯ ಮೂಲೆಗಳಲ್ಲಿ ಕಸ ಕಂಡು ವಿಜಯಾ ಆಕೆಯನ್ನು ಕೆಲಸಕ್ಕೆ ಗೊತ್ತು ಮಾಡಿದ್ದರು. ಐವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಸಾಹೇಬರು ಬಾಗಿಲಲ್ಲೇ ಕರಾರು ಹಾಕಿದರು: “ಕಸಾ ಹೊಡಿ, ನೆಲಾ ಒರಸು, ಭಾಂಡೆ ತಿಕ್ಕು. ನನ್ನ ಅರಬಿ ಮಾತ್ರ ಮುಟ್ಟಬ್ಯಾಡ.”

“ಆತ್ರೀ ಸಾಹೇಬ್ರ. ಅರಬಿ ನಿಮ್ದು, ಡಬ್ಬಿ ನಿಮ್ದು” ಎಂದಳು. ಅರಬಿ ಎಂದರೆ ಬಟ್ಟೆ. ಡಬ್ಬಿ ಎಂದದ್ದು ನನಗೆ!

ಆದರೆ ಸಾಹೇಬರ ಮೊಣಕಾಲು ಹಟ ಹಿಡಿಯತೊಡಗಿತ್ತು. ಮೊದಲು ಟವೆಲ್ ಆಕೆಯ ಕೈಗೆ ಹೋಯಿತು, ಆಮೇಲೆ ಅಂಗಿ, ಧೋತರ. ಅಂಗಿಯ ಕಾಲರನ್ನು ಆಕೆ ನನಗೆ ಕೊಡುವ ಮೊದಲೇ ಕಲ್ಲಿನ ಮೇಲೆ ಸಾಬೂನು ಹಚ್ಚಿ ತಿಕ್ಕುತ್ತಿದ್ದಳು. ನನ್ನ ಮೇಲೆ ನಂಬಿಕೆಯಿಲ್ಲದವಳ ಹಾಗೆ! ಹೊರಕೋಣೆಯಲ್ಲಿ ಮಾತು ಶುರುವಾಯಿತು. ಒಮ್ಮೆ ಸಾಹೇಬರು ಅಳ್ನಾವರದ ಆಚೆ ಗಾಡಿಗೆ ಎಮ್ಮೆ ಸಿಕ್ಕಿ ಸತ್ತದ್ದು, ಎಲ್ಲರೂ ಮೂಗು ಮುಚ್ಚಿಕೊಂಡು ನಿಂತಾಗ ತಾವೇ ಇಳಿದು ಅದನ್ನು ಎಳೆದು ಹಾಕಿದ್ದು ಹೇಳಿದರು. ಆಕೆ ಚಹಾ ಸೋಸುತ್ತಾ “ಅಯ್ಯ, ಆಮ್ಯಾಲೇನಾತ್ರೀ?” ಎನ್ನುತ್ತಿದ್ದಳು. ಸಾಹೇಬರ ನಗು ಕೇಳಿತು. ಅವರಿಗೆ ನಗಲು ಬರುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನನ್ನ ಮುಚ್ಚಳದ ಮೇಲೆ ಈಗ ಅವರ ಅಂಗೈ ಇರುತ್ತಿರಲಿಲ್ಲ, ಆಕೆಯ ಸಾಬೂನಿನ ಪೆಟ್ಟಿಗೆ ಇರುತ್ತಿತ್ತು. ಅದು ಜಾರಿ ಬೀಳಲಿ ಎಂದು ಡ್ರೈಯರನ್ನು ಗಡಗಡ ನಡುಗಿಸುತ್ತಿದ್ದೆ.

ಚಾದರವೊಂದು ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಆಕೆ ಬರುವ ಮೊದಲೇ ಅದರ ಕೆಲಸ ಮುಗಿಯುತ್ತಿತ್ತು. ಅದನ್ನೇ ಅಪ್ಪಿಕೊಂಡು ಸಮಾಧಾನ ಪಡುತ್ತಿದ್ದೆ.

ಒಂದು ಬೆಳಿಗ್ಗೆ ಕರೆಂಟು ಹೋಗಿ ತಡವಾಯಿತು. ನೀರು ಕುಡಿದ ಚಾದರ ಭಾರ. ಅದನ್ನು ಡ್ರೈಯರಿಗೆ ಎತ್ತಿ ಹಾಕಲು ಹೋಗಿ ಸಾಹೇಬರು ಜಾರಿದರು. ಬಚ್ಚಲಿನ ನೆಲದ ಮೇಲೆ ಕೂತರು, ಮಣಿಕಟ್ಟು ಉಳುಕಿತು, ಅರ್ಧ ಚಾದರ ಅವರ ತಲೆಯ ಮೇಲೆ. ಅದೇ ಹೊತ್ತಿಗೆ ಮಾಬೂಬಿ ಹಿತ್ತಲ ಬಾಗಿಲಿನಿಂದ ಬಂದಳು.

“ಒಳಗ ಬರಬ್ಯಾಡ!” ಎಂದು ಕೂಗಿದರು.

ಬಂದೇಬಿಟ್ಟಳು. ಅವರನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂಡಿಸಿದಳು. ಒಳಗಿನ ಹಾಸಿಗೆ ನೋಡಿದಳು, ಚಾದರ ನೋಡಿದಳು. ಚಾದರಕ್ಕೆ ಕೈ ಹಾಕಿದಳು.

“ಬಿಡು ಅದನ್ನ!” ಸಾಹೇಬರು ಚಾದರದ ಇನ್ನೊಂದು ತುದಿ ಹಿಡಿದು ಎಳೆದರು. “ನಾಳಿಂದ ಬರಬ್ಯಾಡ. ಹೋಗು.”

ಮಾಬೂಬಿ ಚಾದರವನ್ನು ನನ್ನ ಅಂಚಿಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋದಳು. ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ.

ಮರುದಿನ ಚಾದರ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಉಳುಕಿದ ಕೈಗೆ ಎತ್ತಲು ಆಗದೆಂದುಕೊಂಡೆ. ಆಮೇಲೆ ಗಮನಿಸಿದೆ: ಅಡುಗೆಮನೆಯ ನೀರಿನ ಕೊಡದ ಹತ್ತಿರ ಅವರು ಬರುತ್ತಲೇ ಇರಲಿಲ್ಲ. ನೀರು ಕುಡಿಯದಿದ್ದರೆ ಹಾಸಿಗೆ ತೊಯ್ಯುವುದಿಲ್ಲ ಎಂಬ ಹಂಚಿಕೆ ಅದು. ಹಾಸಿಗೆಯ ಬಳಿಯ ತಂಬಿಗೆಯಿಂದ ಗುಳಿಗೆ ನುಂಗುವಷ್ಟು ಮಾತ್ರ ಗುಟುಕರಿಸುತ್ತಿದ್ದರು. ತುಟಿ ಬಿರಿಯಿತು, ಗೋಡೆ ಹಿಡಿದು ನಡೆಯತೊಡಗಿದರು. ಭಾನುವಾರ ಇನ್ನೂ ದೂರವಿತ್ತು. ಮಗಳ ಫೋನು ಬಂದಾಗ “ಆರಾಮದೇನಿ, ಮಾಬೂಬಿಗೆ ರಜಾ ಕೊಟ್ಟೇನಿ” ಎಂದರು. ಮನೆಯಲ್ಲಿ ಮತ್ತೆ ನಾವಿಬ್ಬರೇ. ನಾನು ಬೇಡಿದ್ದು ಅದನ್ನೇ. ಆದರೆ ನನ್ನ ಎರಡೂ ಹೊಟ್ಟೆ ಖಾಲಿ, ಎದುರಿಗೆ ಮನುಷ್ಯ ಒಣಗುತ್ತಿದ್ದಾನೆ. ಕೂಗಲು ನನಗೆ ಬಾಯಿಯಿಲ್ಲ.

ಮಾಬೂಬಿ ಬೇರೆ ಮನೆಯ ಕೆಲಸಕ್ಕೆ ಹೋಗುವುದು ನಮ್ಮ ಹಿತ್ತಲಿನ ಪಕ್ಕದ ಹಾದಿಯಲ್ಲೇ. ತಂತಿ ಬರಿದಾಗಿರುವುದನ್ನು ಕಂಡಿರಬೇಕು. ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಬಡಿದಳು.

“ಸಾಹೇಬ್ರ, ಬೇಕಾದ್ರ ಬೈರಿ, ನಾ ಒಳಗ ಬರತೀನಿ.”

ಬೈಯಲು ಎದ್ದ ಸಾಹೇಬರಿಗೆ ತಲೆ ತಿರುಗಿತು. ಹಿಡಿದು ಕೂಡಿಸಿದಳು. ಕೊಡದ ಮುಚ್ಚಳದ ಮೇಲಿನ ಧೂಳು ಕಂಡಳು.

“ನೀರು ಕುಡಿಯೂದು ಬಿಟ್ಟೀರೇನ್ರೀ?”

“ಕುಡದ್ರ ಮತ್ತ…” ಎಂದು ಅವರು ಮುಖ ತಿರುಗಿಸಿದರು.

ಮಾಬೂಬಿಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. “ಚಾದರ ತೊಯ್ದ್ರ ಒಣಗಸಬಹುದ್ರೀ. ಮನಷ್ಯಾ ಒಣಗಿದ್ರ ಏನ್ ಮಾಡೂದು?”

ಆಟೋ ತರಿಸಿದಳು, ವಿಜಯಾ ಅವರಿಗೆ ಫೋನು ಮಾಡಿದಳು. ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಸಾಹೇಬರು ಮರಳಿದಾಗ ಜೊತೆಯಲ್ಲಿ ಆಕೆಯೂ ಬಂದಳು. ಹಾಸಿಗೆಯ ಮೇಲೆ ರಬ್ಬರ್ ಹಾಳೆ ಹಾಕಿ, ಅದರ ಮೇಲೆ ಚಾದರ ಹಾಸುವಾಗ ಸಾಹೇಬರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: “ನಿನಗ ಹೇಸಿಗಿ ಅನಸೂದಿಲ್ಲೇನು?”

“ಎಮ್ಮಿ ಎಳಿಯಾಕ ನೀವು ಇಳದಾಗ ನಿಮಗ ಅನಸಿತ್ತೇನ್ರೀ?”

“ಅನಸಿತ್ತು. ಆದ್ರ ಗಾಡಿ ಹೋಗಬೇಕಿತ್ತಲ್ಲ.”

“ಮತ್ತ? ಇದೂ ಹಂಗ ರೀ.”

ಸಾಹೇಬರು ನಕ್ಕರು. ಕೆಲವು ದಿನಗಳ ಮೇಲೆ, ಬೆಳಿಗ್ಗೆ ಆಕೆ ಚಪ್ಪಲಿ ಬಿಡುತ್ತಿದ್ದಂತೆ ತಾವಾಗಿಯೇ ಹೇಳಿದರು: “ಮಾಬೂಬಿ, ಇವತ್ತೂ ಆಗೇತಿ.”

ನನ್ನ ಜೀವಮಾನದಲ್ಲಿ ಅಷ್ಟು ಹೊಟ್ಟೆಕಿಚ್ಚು ಎಂದೂ ಆಗಿರಲಿಲ್ಲ. ಅಷ್ಟು ದಿನ ನನ್ನೊಳಗೆ ಬಚ್ಚಿಟ್ಟದ್ದನ್ನು ಅವರು ಬಾಯಿಬಿಟ್ಟು ಆಕೆಗೆ ಹೇಳಿದ್ದರು. ಹೇಳಿದ ಮೇಲೆ ಅವರ ಹೆಗಲು ಇಳಿಯಿತು, ಭಾರ ಹೊತ್ತವರು ಕೆಳಗಿಟ್ಟಾಗ ಇಳಿಯುವ ಹಾಗೆ. ಹಾಗೆ ಇಳಿಸುವುದು ನನ್ನಿಂದ ಆಗಿರಲಿಲ್ಲ. ಆಕೆ ಒಂದು ತಂಬಿಗೆ ನೀರು ಕೊಟ್ಟಳು. ಅವರು ಪೂರ್ತಿ ಕುಡಿದರು.

ಹೀಗೆಯೇ ಕೆಲವು ವರ್ಷ ನಡೆಯಿತು. ಒಂದು ಸಂಜೆ ಊಟಕ್ಕೆ ಮೊದಲು, ಕುರ್ಚಿಯಲ್ಲಿ ಕೂತಲ್ಲೇ ಸಾಹೇಬರು ತೀರಿಕೊಂಡರು. ಎಲ್ಲ ಮುಗಿದ ಮೇಲೆ ಮಾಬೂಬಿ ಅವರ ಚಾದರ ತೆಗೆದುಕೊಂಡು ಬಂದಳು. ನಾನು ಮುಚ್ಚಳ ತೆರೆದೇ ನಿಂತಿದ್ದೆ. ಆಕೆ ನನ್ನನ್ನು ದಾಟಿ ಹೋಗಿ, ಕಲ್ಲಿನ ಮುಂದೆ ಕೂತು, ಎರಡೂ ಕೈಯಿಂದ ಅದನ್ನು ಒಗೆದಳು. ಬಹಳ ಹೊತ್ತು ಒಗೆದಳು.

ವಿಜಯಾ ನನ್ನನ್ನು ಮಾಬೂಬಿಗೇ ಕೊಟ್ಟರು. ಈಗ ನಾನು ಆಕೆಯ ಮನೆಯ ಅಂಗಳದಲ್ಲಿ, ತಗಡಿನ ನೆರಳಿನಲ್ಲಿದ್ದೇನೆ. ಡ್ರೈಯರ್ ಸತ್ತಿದೆ. ಒಂದು ಹೊಟ್ಟೆಯಲ್ಲಿ ಆಕೆಯ ಮನೆಯವರ ಬಟ್ಟೆ ಒಗೆಯುತ್ತೇನೆ, ಇನ್ನೊಂದರಲ್ಲಿ ಇದ್ದಿಲು ತುಂಬಿಟ್ಟಿದ್ದಾಳೆ. ಇಂಥವಳ ಮೇಲೆ ಅಷ್ಟೊಂದು ಉರಿದೆನಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆದರೂ ಹುಟ್ಟುಗುಣ ಹೋಗಿಲ್ಲ. ಆಕೆಗೆ ಹೊಸ ಮನೆಯೊಂದು ಸಿಕ್ಕಿದೆ. ಅಲ್ಲೊಬ್ಬ ಅಜ್ಜಿ ಇದ್ದಾರಂತೆ, ಹಾಸಿಗೆ ಹಿಡಿದಿದ್ದಾರಂತೆ. ಬೆಳಿಗ್ಗೆ ಆಕೆ ಬಾಗಿಲಿಗೆ ಕೀಲಿ ಹಾಕಿ, ನನ್ನ ಮುಚ್ಚಳದ ಮೇಲಿನ ಚೀಲ ಎತ್ತಿಕೊಂಡು ಹೋಗುತ್ತಾಳೆ. ಆ ಮನೆಯಲ್ಲಿ ಒಗೆಯುವ ಯಂತ್ರ ಒಂದು ಇದ್ದೇ ಇರುತ್ತದೆ. ಅದು ಹೇಗಿದೆಯೋ ನಾನು ಕಂಡಿಲ್ಲ. ಆಕೆ ಈಗ ಅದರ ಮುಚ್ಚಳ ತೆಗೆಯುತ್ತಿರಬಹುದು ಎಂದು ನೆನೆದರೆ ಸಾಕು, ಇದ್ದಿಲು ತುಂಬಿದ ಹೊಟ್ಟೆಯೂ ಸುಡುತ್ತದೆ.